ಮೂರನೆಯ ಅಂಕಣ

ಮೊದಲ ಎರಡು ಅಂಕಣಗಳಿಗೆ ಹೆಸರು ಬಿದ್ದಿತ್ತು. ಮೂರನೆಯದು ಖಾಲಿ. ಬೆಳಗ್ಗೆ ಹತ್ತೂಕಾಲಿಗೆ ಕುರ್ಚಿಯಲ್ಲಿ ಕೂತ ಲಕ್ಷ್ಮೀನರಸಿಂಹಯ್ಯ ಹನ್ನೆರಡಾದರೂ ಆ ಖಾಲಿಯನ್ನೇ ನೋಡುತ್ತಿದ್ದ. ಅಡಿಗೋಲಿಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದ ಉದ್ದನೆಯ ಹಾಳೆ. ನೆತ್ತಿಯ ಮೇಲೆ ಅವನದೇ ದುಂಡನೆಯ ಅಕ್ಷರದಲ್ಲಿ 'ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಂಗಳ ಭದ್ರತೆ ಕುರಿತು ತುಲನಾತ್ಮಕ ತಖ್ತೆ' ಎಂಬ ತಲೆಬರಹ. ಮೊದಲ ಅಂಕಣದಲ್ಲಿ ವಿಂಡೋಸ್, ಎರಡನೆಯದರಲ್ಲಿ ಲಿನಕ್ಸ್. ಕಂಪ್ಯೂಟರನ್ನು ಎಬ್ಬಿಸಿ ಕೂರಿಸಿ ಮಾತು ಕೇಳುವಂತೆ ಮಾಡುವ ಏರ್ಪಾಡುಗಳು ಅವನಿಗೆ ತಿಳಿದಂತೆ ಇವೆರಡೇ. ಆದರೆ ಜ್ಞಾನದೀಪ್ತಿ ವಿದ್ಯಾಸಂಘದ ನಿಯಮಾವಳಿಯಲ್ಲಿ, ತುಮಕೂರಿನ ಈ ಮುಖ್ಯ ಕಚೇರಿಗೂ ಗುಬ್ಬಿ ಕುಣಿಗಲ್ಲಿನ ಎರಡು ಕಾಲೇಜುಗಳಿಗೂ ಅನ್ವಯಿಸುವಂತೆ, ಹೋಲಿಕೆಗೆ ಕನಿಷ್ಠ ಮೂವರಿರಬೇಕು. ಬೆಂಚಿಗಾಗಲಿ ಸೀಮೆಸುಣ್ಣಕ್ಕಾಗಲಿ ಮೂರು ಕೊಟೇಷನ್ ಇಲ್ಲದೆ ಕಡತ ಮೇಜು ದಾಟುವುದಿಲ್ಲ. ಇಪ್ಪತ್ತೇಳು ವರ್ಷದಿಂದ ಆ ಮೂರನೆಯ ಅಂಕಣವನ್ನು ಅವನು ಒಮ್ಮೆಯೂ ಖಾಲಿ ಬಿಟ್ಟವನಲ್ಲ. ಯಾರಿಗೆ ಆಗಬೇಕೆಂದು ಮೊದಲೇ ಕಾರ್ಯದರ್ಶಿಗಳ ಬಾಯಿಂದ ಬಂದಿರುತ್ತಿತ್ತು. ಅವರನ್ನು ಒಂದನೆಯದರಲ್ಲಿ ಬರೆದು, ಸೋಲಲು ಒಪ್ಪಿದವರನ್ನು ಎರಡನೆಯದರಲ್ಲಿ ಕೂರಿಸಿ, ಮೂರನೆಯದಕ್ಕೆ ಬಾಗಿಲು ಮುಚ್ಚಿ ವರ್ಷಗಳೇ ಆದ ಯಾವುದೋ ಅಂಗಡಿಯ ಲೆಟರ್‌ಹೆಡ್ ಹುಡುಕುತ್ತಿದ್ದ. ಅದರಲ್ಲಿ ಮೋಸವಿದೆಯೆಂದು ಅವನಿಗೆ ಅನ್ನಿಸಿದ್ದೇ ಇಲ್ಲ. ಆಡಿಟ್‌ನವರು ಅಂಕಣಗಳನ್ನು ನೋಡುತ್ತಾರೆ, ಒಳಗಿರುವುದನ್ನು ಓದುವುದಿಲ್ಲ. ದೇವರ ಮಂಟಪಕ್ಕೆ ಒಂದು ಕಂಬ ಹೆಚ್ಚಾಗಿ ಕೊಟ್ಟ ಹಾಗೆ, ಅಷ್ಟೆ.

ಆದರೆ ಈ ಸಲದ ತಖ್ತೆ ಬೆಂಚಿನದಲ್ಲ. ಇದರ ಕೆಳಗಿನ ಕೊನೆಯ ಸಾಲಿಗೆ ಒಬ್ಬಳು ಹುಡುಗಿ ಜೋತುಬಿದ್ದಿದ್ದಳು. ಗುಬ್ಬಿ ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಆರುನೂರು ಮಕ್ಕಳ ಅಂಕಪಟ್ಟಿ, ಹಾಜರಿ, ಪರೀಕ್ಷಾ ಅರ್ಜಿಯ ವಿವರಗಳೆಲ್ಲ ಆಗಸ್ಟಿನ ಒಂದು ಶುಕ್ರವಾರ ಬೆಳಗಾಗುವುದರೊಳಗೆ ಅಳಿಸಿಹೋಗಿ, ಅಲ್ಲಿನ ಆಪರೇಟರ್ ಅಕ್ಷತಾಳನ್ನು ಅಮಾನತ್ತಿನಲ್ಲಿಟ್ಟಿದ್ದರು. ವೈರಸ್ ಹೊರಗಿನಿಂದ ಬಂದಿದೆ ಎಂಬಷ್ಟು ಮಾತ್ರ ಗೊತ್ತಿತ್ತು. ಸಿಸ್ಟಮ್ಮೇ ದುರ್ಬಲ, ಯಾರು ಕೂತಿದ್ದರೂ ಹೀಗೇ ಆಗುತ್ತಿತ್ತು ಎಂದು ಈ ತಖ್ತೆ ಹೇಳಿದರೆ ಅವಳು ಮತ್ತೆ ಕೆಲಸಕ್ಕೆ ಬರುತ್ತಾಳೆ. ಸಿಸ್ಟಮ್ ಗಟ್ಟಿಯಾಗಿತ್ತು ಎಂದರೆ ತಪ್ಪು ಅವಳದು. ಐದು ವರ್ಷದ ಚಾಕರಿ ಮುಗಿದು, 'ನಿರ್ಲಕ್ಷ್ಯ' ಎಂಬ ಒಂದು ಮಾತು ಅವಳ ಹಿಂದೆಯೇ ನಡೆದು ಹೋಗಿ ಜಿಲ್ಲೆಯ ಇನ್ನಾವ ಕಾಲೇಜೂ ಅವಳನ್ನು ಒಳಗೆ ಬಿಡುವುದಿಲ್ಲ. ಹೀಗಾಗಿ ಯಂತ್ರಗಳ ಜಗಳದಲ್ಲಿ ನರಸಿಂಹಯ್ಯನಿಗೆ ಪಕ್ಷವಿತ್ತು. ವಿಂಡೋಸ್ ಸೋಲಬೇಕು. ಗುಬ್ಬಿಯ ಕಂಪ್ಯೂಟರಿನಲ್ಲಿದ್ದದ್ದು ಅದೇ ಎಂಬ ಕಾರಣಕ್ಕೆ ಮಾತ್ರ. ಹುಡುಗಿಯ ಮೇಲಿನ ಕರುಣೆಯಿಂದ ಹೀಗೆ ಬಯಸುತ್ತಿದ್ದೇನೆ ಎಂದುಕೊಂಡಾಗಲೆಲ್ಲ ಅವನ ಕೈ ತಾನಾಗಿ ಅಂಗಿಯ ಜೇಬನ್ನು ಮುಟ್ಟಿ ನೋಡುತ್ತಿತ್ತು.

ಆ ಶುಕ್ರವಾರದ ಹಿಂದಿನ ದಿನ, ಗುರುವಾರ. ತಪಾಸಣೆಯ ನೆಪದಲ್ಲಿ ಗುಬ್ಬಿಗೆ ಹೋಗಿದ್ದವನ ಜೇಬಿನಲ್ಲಿ ಒಂದು ಫ್ಲಾಪಿಯಿತ್ತು. ಶ್ರಾವಣದ ಗಮಕ ಸಪ್ತಾಹಕ್ಕೆ ಊರ್ಡಿಗೆರೆಯ ಗಮಕಿಗಳು ಆರಿಸಿಕೊಟ್ಟ ಷಟ್ಪದಿಗಳನ್ನು ಶಿರಾ ಗೇಟಿನ ಟೈಪಿಂಗ್ ಅಂಗಡಿಯೊಂದರಲ್ಲಿ ಅಕ್ಷರಕ್ಕೆ ಹಾಕಿಸಿದ್ದ. ಅಂಗಡಿಯ ಪ್ರಿಂಟರ್ ಕೆಟ್ಟಿತ್ತು. ಚಿಕ್ಕಂದಿನಿಂದ ಚಾಪೆಯ ಮೂಲೆಯಲ್ಲಿ ಕೂತು ಪದ್ಯ ಕೇಳಿ ಬೆಳೆದವನು. ಹಾಡಲು ಬಾಯಿ ಬಾರದು, ಅರ್ಥ ಹೇಳಲು ಧೈರ್ಯ ಸಾಲದು, ಕೇಳುವುದೊಂದು ಬರುತ್ತಿತ್ತು. ಕೇಳುವವರ ಕೈಗೆಲ್ಲ ಒಂದೊಂದು ಹಾಳೆ ಕೊಡುವ ಸೇವೆ ತನ್ನದಾಗಲಿ ಎಂಬುದು ಆ ವರ್ಷದ ಆಸೆ. ಅಕ್ಷತಾ ಫ್ಲಾಪಿ ನೋಡಿ ಹಿಂದೆ ಸರಿದಿದ್ದಳು.

"ಹೊರಗಿನ ಫ್ಲಾಪಿ ಹಾಕ್‌ಬಾರ್ದು ಅಂತ ನೀವೇ ಸರ್ಕ್ಯುಲರ್ ಕಳ್ಸಿದೀರಲ್ಲ ಸಾರ್. ಗೋಡೆ ಮೇಲೆ ಅಂಟ್ಸಿದೀನಿ ನೋಡಿ, ನಿಮ್ಮದೇ ಸಹಿ."

"ಅದು ಸಿನಿಮಾ ಹಾಡು, ಆಟ ಗೀಟ ತರೋವ್ರಿಗೆ ಕಣಮ್ಮ. ಇದು ದೇವರ ಪದ್ಯ. ಪದ್ಯಕ್ಕೆ ಎಲ್ಲಾದ್ರೂ ರೋಗ ಬರುತ್ತಾ?"

"ಅದಕ್ಕೇನ್ ಗೊತ್ತಾಗುತ್ತೆ ಸಾರ್, ದೇವರ ಪದ್ಯವೋ ದೆವ್ವದ ಪದ್ಯವೋ. ಆ್ಯಂಟಿವೈರಸ್ ಬೇರೆ ಮುಗ್ದೋಗಿದೆ. ರಿನ್ಯೂ ಮಾಡ್ಸಿ ಅಂತ ಮೂರು ಸಲ ಬರ್ದಿದೀನಿ ನಿಮ್ ಆಫೀಸಿಗೆ."

ಆಗ ಅವನು ನಕ್ಕಿದ್ದ. ಫ್ಲಾಪಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದ ಕೂಡ. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರೆಂದು ಅವಳು ಎದ್ದು ಹೋದಳು. ಮೆತ್ತನೆ ಒತ್ತಿದರೆ ಕಟಕ್ಕೆಂದು ಒಳಗಿಳಿದು ಕೂರುವ ಆ ಚಪ್ಪಟೆ ಪೆಟ್ಟಿಗೆ! ಗರ್ಭಗುಡಿಯ ಬಾಗಿಲಲ್ಲಿ ಹಣ್ಣುಕಾಯಿ ಒಪ್ಪಿಸಿದಷ್ಟೇ ಸಲೀಸಾಗಿ ಅವನ ಬೆರಳು ಅದನ್ನು ಒಪ್ಪಿಸಿತ್ತು. ಮೂವತ್ತು ಹಾಳೆ ಬಿಸಿಬಿಸಿಯಾಗಿ ಹೊರಬಂದವು. ಅವಳು ಹಿಂದಿರುಗಿ ಹಾಳೆಗಳನ್ನೂ ಅವನ ಮುಖವನ್ನೂ ನೋಡಿದಳು. ಹಾಳೆಗಳ ಅಂಚು ಜೋಡಿಸಿ, ಮಡಚದಂತೆ ಹಳೇ ಪೇಪರಿನಲ್ಲಿ ಸುತ್ತಿಕೊಟ್ಟಳು.

ಆ ಸುತ್ತಿಕೊಟ್ಟದ್ದೇ ನೆನಪಾಗುತ್ತಿತ್ತು, ವಿಚಾರಣೆಯ ದಿನವೂ. ಇದೇ ಕಚೇರಿಯ ಒಳಕೋಣೆ. ಕಾರ್ಯದರ್ಶಿ ಪರಮಶಿವಯ್ಯ "ಯಾರಮ್ಮ ಹಾಕಿದ್ದು ಹೊರಗಿನ ಫ್ಲಾಪಿ?" ಎಂದು ಕೇಳಿದ್ದರು. "ನಾನು ಹಾಕಿಲ್ಲ ಸಾರ್" ಎಂದಳು ಅಕ್ಷತಾ. "ಹಂಗಾದ್ರೆ ಯಾರು?" ಅವಳು ಮೇಜಿನ ತುದಿಯತ್ತ, ನಡಾವಳಿ ಬರೆಯುತ್ತ ಕೂತಿದ್ದ ಅವನತ್ತ, ತಿರುಗಿದಳು. ದೂರಿನ ನೋಟವಲ್ಲ, ಬಸ್ಸಿನಲ್ಲಿ ಹಿರಿಯರು ತಾವಾಗಿ ಸರಿದು ಜಾಗ ಮಾಡಿಕೊಡುತ್ತಾರೆಂದು ಕಾಯುವವರ ನೋಟ. ಅವನ ಪೆನ್ನು ನಿಂತಿತು. ಹೇಳಿಬಿಡೋಣ, ಈಗ, ಈ ಉಸಿರು ಬಿಡುವುದರೊಳಗೆ, ಅಂದುಕೊಳ್ಳುತ್ತಿದ್ದ ಹಾಗೆಯೇ ಪೆನ್ನು ತಾನಾಗಿ ಚಲಿಸಿ, ಇಪ್ಪತ್ತೇಳು ವರ್ಷದ ರೂಢಿಯ ವಾಕ್ಯವೊಂದನ್ನು ಬರೆದು ಮುಗಿಸಿತು: 'ಸದರಿಯವರು ಸಮರ್ಪಕ ಉತ್ತರ ನೀಡಲಿಲ್ಲ.' ಚೆನ್ನಾದ ಅಕ್ಷರ. ಕೊಂಬು, ಒತ್ತು, ಎಲ್ಲವೂ ಅದರದರ ಜಾಗದಲ್ಲಿ.

"ಏನ್ರೀ ನರಸಿಂಹಯ್ಯ, ಹಾಳೆ ನೋಡ್ತಾ ಧ್ಯಾನಕ್ಕೆ ಕೂತ್‌ಬಿಟ್ರಾ?" ಪರಮಶಿವಯ್ಯ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮುರಿಯದ ಬಿಳಿ ಶರಟು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಅಳಿಯ ಕೊಟ್ಟ ಕಾಗದಗಳು. ಅಳಿಯನದು ಕಂಪ್ಯೂಟರ್ ಅಂಗಡಿ. ಸಂಘದ ಯಂತ್ರಗಳೆಲ್ಲ ಅವನಲ್ಲಿಂದಲೇ, ವಿಂಡೋಸ್ ಸಮೇತ, ಬಂದವು. "ನಮ್ ಅಳಿಯಂದ್ರು ಇಂಟರ್‌ನೆಟ್ಟಿಂದ ತೆಗ್ಸವ್ರೆ. ಲಿನಕ್ಸ್ ಅನ್ನೋದ್ರಲ್ಲಿ ವೈರಸ್ ನುಗ್ಗೋ ತೂತು ಎಷ್ಟು ನೋಡಿ. ಒಂದೇ ವರ್ಷದಲ್ಲಿ ಪುಟಗಟ್ಲೆ. ನಮ್ಮದ್ರಲ್ಲಿ ಅದ್ರ ಕಾಲು ಭಾಗವೂ ಇಲ್ಲ. ಸಿಸ್ಟಮ್ ಭದ್ರವಾಗೇ ಇತ್ತು ಕಣ್ರೀ. ಆ ಹುಡ್ಗಿ ಕೈ ಭದ್ರ ಇರ್ಲಿಲ್ಲ, ಅಷ್ಟೆ. ಹಂಗೇ ಬರೀರಿ."

"ನೋಡಿ ಬರೀತೀನಿ ಸಾರ್."

"ನೋಡೋದೇನ್ ಬಂತು? ಬರೀರಿ, ಆಮೇಲ್ ನೋಡಿ."

ಅವರು ಹೋದ ಮೇಲೆ ಕಾಗದಗಳನ್ನು ಒಂದೊಂದಾಗಿ ತಿರುವಿದ. ಇಂಗ್ಲಿಷ್ ಅವನಿಗೆ ನಿಧಾನ, ಆದರೆ ಪಟ್ಟಿ ಓದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಲಿನಕ್ಸನ್ನು ನಾಲ್ಕಾರು ಕಡೆಯವರು ನಾಲ್ಕಾರು ಹೆಸರಿನಲ್ಲಿ ಹಂಚುತ್ತಾರೆ. ಒಂದು ತೂತು ಕಂಡಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಡಂಗುರ ಹೊಡೆಸುತ್ತಾರೆ. ಅಳಿಯ ಡಂಗುರಗಳನ್ನು ಲೆಕ್ಕ ಹಾಕಿದ್ದ, ತೂತುಗಳನ್ನಲ್ಲ. ಅದು ಸಾಲದೆಂದು ಲಿನಕ್ಸಿನ ಜೊತೆ ಬರುವ ಆಟ, ಚಿತ್ರ ಬಿಡಿಸುವ ಸಾಮಾನು, ಹಾಡು ಕೇಳುವ ಸಾಮಾನು, ಇವುಗಳ ತೂತೂ ಅದರ ಲೆಕ್ಕಕ್ಕೇ. ವಿಂಡೋಸಿನ ಕಡೆ ಮಾತ್ರ ಬರಿಯ ಅಡಿಪಾಯ. ಒಬ್ಬನನ್ನು ಅವನ ನೆಂಟರಿಷ್ಟರ ಸಮೇತ ತಕ್ಕಡಿಗೆ ಹತ್ತಿಸಿ, ಇನ್ನೊಬ್ಬನನ್ನು ಚಪ್ಪಲಿ ಬಿಡಿಸಿ ತೂಗಿದ ಹಾಗೆ. ನರಸಿಂಹಯ್ಯನಿಗೆ ಒಳಗೊಳಗೇ ಒಂದು ಮೆಚ್ಚುಗೆ ಹುಟ್ಟಿತು. ಎಷ್ಟು ಚೊಕ್ಕವಾದ ಕೆಲಸ! ಕಸುಬಿನವರೇ.

ಮಧ್ಯಾಹ್ನ ಕುಣಿಗಲ್ಲಿನಿಂದ ಪ್ರಭುದೇವ ಬಂದ. ಅಲ್ಲಿನ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು. ಹೆಗಲ ಚೀಲದ ತುಂಬ ಲಿನಕ್ಸ್ ಸೀಡಿಗಳು. ಹೋದಲ್ಲೆಲ್ಲ ಪ್ರಸಾದದಂತೆ ಹಂಚುತ್ತಿದ್ದ. ಬೇಡವೆಂದವರಿಗೆ ಎರಡು.

"ಸಾರ್, ವಿಂಡೋಸಿಗೆ ಎಷ್ಟು ವೈರಸ್ ಇವೆ ಗೊತ್ತಾ? ಸಾವಿರಾರು! ಲಿನಕ್ಸಿಗೆ ಕೈಬೆರಳಲ್ಲಿ ಎಣಿಸ್‌ಬೋದು. ಬರ್ಕೊಳಿ."

ಆ ಪಟ್ಟಿಯನ್ನೂ ನರಸಿಂಹಯ್ಯ ತಿರುವಿದ. "ಇದ್ರಲ್ಲಿ ಬಹಳಷ್ಟು ಹತ್ತು ವರ್ಷದ ಹಿಂದಿನವು ಅಲ್ವೇ ಮೇಷ್ಟ್ರೇ? ಈಗ ಬದುಕಿವೆಯಾ?"

"ಸತ್ತಿದ್ರೂ ವೈರಸ್ಸು ವೈರಸ್ಸೇ."

"ಆಮೇಲೆ, ನೀವು ಪರೀಕ್ಷೆ ಮಾಡಿದ್ದು ಅಂತ ಬರ್ದಿದೀರಿ. ಯಾವ ಯಂತ್ರಗಳ ಮೇಲೆ?"

"ಲಿನಕ್ಸು ನನ್ನ ಸ್ವಂತ ಕಂಪ್ಯೂಟರಲ್ಲಿ ಸಾರ್. ಮಗು ಥರ ನೋಡ್ಕೊಂಡಿದೀನಿ. ಎಲ್ಲಾ ಅಪ್‌ಡೇಟು, ಎಲ್ಲಾ ಬೀಗ."

"ವಿಂಡೋಸು?"

"ಲ್ಯಾಬಲ್ಲಿ ಮೂಲೇಲಿ ಒಂದು ಹಳೇದಿತ್ತು. ಪಾಸ್‌ವರ್ಡೂ ಇರ್ಲಿಲ್ಲ." ಪ್ರಭುದೇವ ಸ್ವಲ್ಪವೂ ಅಳುಕಲಿಲ್ಲ. "ಸಾರ್, ಆ ಹುಡುಗಿ ಉಳೀಬೇಕಾ ಬೇಡ್ವಾ? ಲಿನಕ್ಸ್ ಗೆದ್ರೆ ಅವಳು ಗೆದ್ದ ಹಾಗೆ."

ಅವಳ ಮಾತು ಇಷ್ಟು ಸುಲಭವಾಗಿ ಇನ್ನೊಬ್ಬರ ಬಾಯಲ್ಲಿ ಬಂದದ್ದಕ್ಕೆ ನರಸಿಂಹಯ್ಯನಿಗೆ ಕಸಿವಿಸಿಯಾಯಿತು. ದೇವರಾಯನದುರ್ಗದ ಕೆಳಗಿನ ಮಂಟಪದಲ್ಲಿ ಒಂದು ಕಾಲಕ್ಕೆ ಇಬ್ಬರು ಗಮಕಿಗಳು ಸರದಿಯ ಮೇಲೆ ಓದುತ್ತಿದ್ದರು. ಕೇಳುವವರಲ್ಲಿ ಎರಡು ಪಂಗಡ. ಒಬ್ಬರ ಕಡೆಯವರು ತಮ್ಮವರು ಶಿವರಾತ್ರಿಯ ದಿನ ತಾರಕದಲ್ಲಿ ನಿಲ್ಲಿಸಿದ ಒಂದು ಸಾಲನ್ನು ನೆನೆಸಿಕೊಂಡು, ಇನ್ನೊಬ್ಬರು ನೆಗಡಿಯಾಗಿ ಓದಿದ ಒಂದು ಸಂಜೆಯ ಜೊತೆ ಅದನ್ನು ತೂಗಿ, ಈಗ ಹೇಳಿ ಯಾರು ಮೇಲು ಎನ್ನುತ್ತಿದ್ದರು. ಹುಡುಗನಾಗಿದ್ದ ಅವನು ಎರಡೂ ಕಡೆ ತಲೆಯಾಡಿಸಿ ಸುಮ್ಮನಿರುತ್ತಿದ್ದ. ಇಬ್ಬರ ಓದೂ ಅವನಿಗೆ ಕಣ್ಣೀರು ತರಿಸುತ್ತಿತ್ತು. ಆದರೆ ಹಾಗೆಂದು ಹೇಳಿದರೆ ಎರಡು ಪಂಗಡವೂ ಸೇರಿ ಹೊಡೆಯುತ್ತವೆ ಎಂಬ ಭಯ. ಈ ಸುಮ್ಮನಿರುವಿಕೆಯನ್ನು ಜನ ಸಾತ್ವಿಕತೆ ಎಂದು ಕರೆದರು. ಅವನೂ ಹಾಗೇ ಕರೆದುಕೊಂಡ. ಐವತ್ತೆರಡು ವರ್ಷ ಅದೇ ಹೆಸರಿನ ಕೆಳಗೆ ನೆಮ್ಮದಿಯಾಗಿ ಮಲಗಿದ್ದ.

ನಿಜ ಹೇಳಬೇಕೆಂದರೆ ತಖ್ತೆಯ ಮೇಲೆ ಒಂದೇ ಸಾಲು ಸಾಕಿತ್ತು. ಯಾವ ಸಿಸ್ಟಮ್ಮಾದರೂ ಸರಿ, ಬೀಗ ಹಾಕದ ಮನೆಗೆ ಬೀಗ ಹಾಕಿ ಎಂಬ ಸರ್ಕ್ಯುಲರನ್ನು ಅಂಟಿಸಿ, ಅದಕ್ಕೆ ಸಹಿ ಮಾಡಿದವನೇ ಕಳ್ಳನನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಬಂದರೆ ಏನೂ ಮಾಡಲಾಗುವುದಿಲ್ಲ. ಆದರೆ ಆ ಸಾಲಿಗೆ ಅಂಕಣವಿರಲಿಲ್ಲ. ಅಂಕಣವಿದ್ದದ್ದು ಮೂರನೆಯ ಸಿಸ್ಟಮ್ಮಿಗೆ. ನಾಳೆ ಹನ್ನೊಂದಕ್ಕೆ ಸಭೆ. ಸಂಜೆ ಐದಾಗುತ್ತ ಬಂದಿತ್ತು; ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ದೇವರು ಅಭಯಹಸ್ತ ತೋರುತ್ತ ನಿಂತಿದ್ದ. ನರಸಿಂಹಯ್ಯ ಕೈ ಮುಗಿದು ಮೂರನೆಯ ಅಂಕಣದ ನೆತ್ತಿಯ ಮೇಲೆ 'ಅಭಯ್ ೨.೧' ಎಂದು ಬರೆದ. ಅಂಥದೊಂದು ಸಿಸ್ಟಮ್ ಎಲ್ಲೂ ಇರಲಿಲ್ಲ. ಸೋಲಲಿಕ್ಕೆ ಬಂದ ಅತಿಥಿ, ಹೆಸರು ಚೆನ್ನಾಗಿರಲಿ ಎಂದಷ್ಟೆ. ಕೆಳಗಿನ ಕೋಷ್ಟಕಗಳು: ಈವರೆಗೆ ಪತ್ತೆಯಾದ ವೈರಸ್, ಪ್ರಕಟವಾದ ತೂತು, ವರದಿಯಾದ ಕಳವು. ಅವನು ಜೀವಮಾನದಲ್ಲಿ ಸುಳ್ಳು ಅಂಕಿ ಬರೆದವನಲ್ಲ. ಮುಚ್ಚಿದ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಕೂಡ ಅಂಗಡಿಯವನ ಮಗನೇ ಅಂಕಿ ತುಂಬಬೇಕಿತ್ತು. ಇಲ್ಲದ ಸಿಸ್ಟಮ್ಮಿಗೆ ಇರುವ ವೈರಸ್ ಎಷ್ಟು? ಬಹಳ ಯೋಚಿಸಿ, ಪ್ರಾಮಾಣಿಕವಾಗಿ, ಮೂರೂ ಕಡೆ ಸೊನ್ನೆ ಬರೆದ.

ಮರುದಿನ ತಿಂಡಿಗೆ ಕೂತಾಗ ಹೆಂಡತಿ ಶಕುಂತಲಮ್ಮ, "ಆ ಗುಬ್ಬಿ ಹುಡ್ಗಿದು ಏನಾಯ್ತು?" ಎಂದಳು.

"ಇವತ್ತು ಗೊತ್ತಾಗುತ್ತೆ."

"ಪಾಪ, ಹೋದ್ಸಲ ನಿಮ್ ಪದ್ಯದ ಹಾಳೆ ಅಷ್ಟು ಚೆನ್ನಾಗಿ ಸುತ್ತಿ ಕೊಟ್ಟಿದ್ಲು. ನೀವೊಂದು ಮಾತು ಹೇಳಿದ್ರೆ ಆಗಲ್ವಾ?"

ಹೆಂಡತಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಬಾಯಿಂದ ಮಾತು ಎಷ್ಟು ನೇರವಾಗಿ ಬರುತ್ತದೆ ಎಂದುಕೊಂಡು ನೀರು ಕುಡಿದ.

ಸಭೆಯಲ್ಲಿ ಅಧ್ಯಕ್ಷ ಹನುಮಂತರಾಜು ನಡುವೆ ಕೂತಿದ್ದರು. ಎಂಬತ್ತರ ಹತ್ತಿರದ ಮನುಷ್ಯ. ಕಂಪ್ಯೂಟರನ್ನು ದೂರದಿಂದ ಗೌರವಿಸುತ್ತಿದ್ದರು. ಎಡಕ್ಕೆ ಪರಮಶಿವಯ್ಯ, ಅವರ ಪಕ್ಕ ಅಳಿಯ. ಬಲಕ್ಕೆ ಪ್ರಭುದೇವ. ಅಧ್ಯಕ್ಷರು ಕನ್ನಡಕ ಏರಿಸಿ ತಖ್ತೆಯ ಮೇಲೆ ಬೆರಳಾಡಿಸಿದರು. ಮೊದಲ ಅಂಕಣದಲ್ಲಿ ಬೆರಳು ನಿಧಾನಿಸಿತು. ಎರಡನೆಯದರಲ್ಲಿ ಇನ್ನೂ ನಿಧಾನಿಸಿತು. ಮೂರನೆಯದಕ್ಕೆ ಬಂದದ್ದೇ ಅವರ ಮುಖ ಅರಳಿತು.

"ಏನ್ರೀ ಇದು! ವೈರಸ್ಸು ಸೊನ್ನೆ, ತೂತು ಸೊನ್ನೆ, ಕಳವು ಸೊನ್ನೆ! ಇಂಥಾದ್ದು ಇಟ್ಕೊಂಡು ನೀವಿಬ್ರೂ ಎರಡು ತಿಂಗಳಿಂದ ಯಾವುದಕ್ರೀ ಬಡದಾಡ್ತಿರೋದು?"

ನರಸಿಂಹಯ್ಯನ ಬೆನ್ನಿನ ಮೇಲೆ ಬೆವರಿನ ಒಂದು ಹನಿ ನಿಧಾನವಾಗಿ ಇಳಿಯತೊಡಗಿತು. ಇಪ್ಪತ್ತೇಳು ವರ್ಷದಲ್ಲಿ ಮೂರನೆಯ ಅಂಕಣವನ್ನು ಯಾರೂ ಓದಿರಲಿಲ್ಲ. ಈಗ ಪ್ರಭುದೇವ ಎದ್ದು ನಗುತ್ತಾನೆ, ಅಳಿಯ ಮೇಜು ಕುಟ್ಟುತ್ತಾನೆ, ಅಭಯ್ ಎಂಬುದಿಲ್ಲ ಎಂದು ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ಕೂಗಲಿ, ಎಲ್ಲ ಒಂದೇ ಸಲ ಬಿದ್ದುಹೋಗಲಿ ಎಂಬ ಆಸೆಯೂ ಆ ಹನಿಯ ಜೊತೆಗೇ ಇಳಿಯುತ್ತಿತ್ತು.

ಪ್ರಭುದೇವ ಗಂಟಲು ಸರಿಮಾಡಿಕೊಂಡ. "ಅಭಯ್... ಹೌದು ಸಾರ್, ಕೇಳಿದೀನಿ. ಅದರ ಒಳಗಿರೋದು ನಮ್ಮ ಲಿನಕ್ಸೇ. ಮೇಲಿನ ಹೆಸರು ಬೇರೆ ಅಷ್ಟೆ."

"ಯಾರ್ರೀ ಹೇಳಿದ್ದು?" ಅಳಿಯ ಥಟ್ಟನೆ ಮುಂದೆ ಬಾಗಿದ. "ಅಭಯ್ ನಮ್ ಅಂಗಡೀಲೇ ಸಿಗುತ್ತೆ ಸಾರ್. ಸ್ವಲ್ಪ ಮುಂಚೆ ಹೇಳ್‌ಬೇಕು. ಮಾಲು ಬಹಳ ಶಾರ್ಟ್."

"ನೀವು ನೋಡಿದೀರಾ ಅದನ್ನ?"

"ನೀವ್ ನೋಡಿದೀರಾ?"

"ನಾನ್ ಬಳಸ್ತಾ ಇದೀನಿ ರೀ!"

"ನಾನ್ ಮಾರ್ತಾ ಇದೀನಿ!"

"ಕೂತ್ಕಳ್ರಪ್ಪ," ಎಂದರು ಅಧ್ಯಕ್ಷರು ಪರಮ ಸಂತೋಷದಿಂದ. "ಇಬ್ರೂ ಒಪ್ಪಿದ್ದು ಇದೇ ಮೊದಲು. ಪಾಸು. ಎಲ್ಲಾ ಕಾಲೇಜಿಗೂ ಅಭಯ್ ಹಾಕ್ಸಿ. ಬರ್ಕೊಳಿ ನರಸಿಂಹಯ್ಯ. ಅಲ್ಲಾ, ಇದನ್ನ ನಡೆಸೋಕೆ ಬರೋವ್ರು ಯಾರಾದ್ರೂ ಇದಾರೇನ್ರಿ ನಮ್ಮಲ್ಲಿ?"

ಆ ಕ್ಷಣದಲ್ಲಿ ನರಸಿಂಹಯ್ಯನ ಬಾಯಿ ತೆರೆಯಿತು. ನಿಜ ಹೊರಬರುತ್ತದೆಂದು ಅವನೇ ನಂಬಿದ್ದ. ಹೊರಬಂದದ್ದು ಬೇರೆ. "ಗುಬ್ಬಿ ಅಕ್ಷತಾಗೆ ಬರುತ್ತೆ ಸಾರ್. ಟ್ರೇನಿಂಗ್ ಆಗಿದೆ."

"ಸಸ್ಪೆಂಡ್ ಆಗಿರೋ ಹುಡ್ಗಿನಾ? ಮತ್ತೆ ಮೊದ್ಲೇ ಹೇಳ್‌ಬಾರ್ದಾ! ವಾಪಸ್ ಕರ್ಸಿ."

"ಕರ್ಸೋಣ," ಎಂದರು ಪರಮಶಿವಯ್ಯ, ಮುಖ ಗಂಟಿಕ್ಕಿ. "ಆದ್ರೆ ತಪ್ಪೊಪ್ಕೊಂಡು ಒಂದು ಕಾಗದ ಬರ್ಕೊಡ್ಲಿ. ಹೊರಗಿನ ಫ್ಲಾಪಿ ಹಾಕಿದ್ದು ನಾನೇ, ಇನ್ಮೇಲೆ ಹಾಕಲ್ಲ ಅಂತ. ಫೈಲಿಗೆ ಬೇಕಲ್ಲ. ಒಕ್ಕಣೆ ನರಸಿಂಹಯ್ಯನೇ ಮಾಡ್ಲಿ, ಅವರದು ಒಳ್ಳೇ ಕೈ."

ಭಾನುವಾರ ಬೆಳಗ್ಗೆ ಗುಬ್ಬಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನರಸಿಂಹಯ್ಯ ತನ್ನನ್ನು ತಾನು ಹೊಗಳಿಕೊಳ್ಳಲು ಪ್ರಯತ್ನಿಸಿದ. ಒಂದು ಸೊನ್ನೆಯಿಂದ ಒಂದು ಜೀವ ಉಳಿಯಿತು. ಯಾರಿಗೂ ನಷ್ಟವಿಲ್ಲ: ಪ್ರಭುದೇವ ತನ್ನ ಸೀಡಿಗೆ ಅಭಯ್ ಎಂದು ಚೀಟಿ ಅಂಟಿಸುತ್ತಾನೆ, ಅಳಿಯ ತನ್ನ ಹಳೆಯದಕ್ಕೇ ಅಂಟಿಸುತ್ತಾನೆ, ಅಧ್ಯಕ್ಷರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಜೇಬಿನಲ್ಲಿ ತಪ್ಪೊಪ್ಪಿಗೆಯ ಕಾಗದವಿತ್ತು. ಮೂರು ಸಲ ತಿದ್ದಿ ಬರೆದದ್ದು. 'ಅಜ್ಞಾನವಶಾತ್' ಎಂಬ ಮಾತನ್ನು ಎಲ್ಲಿಡಬೇಕೆಂದೇ ಅರ್ಧ ತಾಸು ಕಳೆದಿದ್ದ. ಕಂಡಕ್ಟರ್ ಚಿಲ್ಲರೆಗೆ ಗೊಣಗಿದಾಗ ಅವನು ಅನವಶ್ಯಕವಾಗಿ ಕ್ಷಮೆ ಕೇಳಿದ, ಎರಡು ಸಲ. ಪಕ್ಕದವನು ತಿರುಗಿ ನೋಡಿದ.

ಅಕ್ಷತಾಳ ಮನೆ ಪೇಟೆಯ ಹಿಂದಿನ ಬೀದಿಯಲ್ಲಿ. ತಾಯಿ ಸಿದ್ದಗಂಗಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಜಗುಲಿಯ ಮೇಲೆ ಮೊರದಲ್ಲಿ ಬೇಳೆ ಆರಿಸುತ್ತ ಕೂತಿದ್ದಳು. ಅವನನ್ನು ಕಂಡು ಸೆರಗು ಹೊದ್ದು ಎದ್ದಳು. "ಬನ್ನಿ ಸ್ವಾಮಿ, ಬನ್ನಿ. ನಮ್ಮುಡ್ಗಿ ನಿಮ್ ಸುದ್ದೀನೇ ಹೇಳ್ತಿರ್ತಾಳೆ. ದೊಡ್ಡೋರು, ಪದ್ಯ ಗಿದ್ಯ ಕೇಳೋರು, ಅವ್ರು ಸುಮ್ಕಿರಲ್ಲ, ಒಂದಿನ ಬಂದೇ ಬತ್ತಾರೆ ಅಂತಾಳೆ. ಬಂದ್ರಿ ನೋಡಿ." ಅಕ್ಷತಾ ಒಳಗಿನಿಂದ ಸ್ಟೂಲು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಎರಡು ತಿಂಗಳಲ್ಲಿ ತೆಳ್ಳಗಾಗಿದ್ದಳು. ಅವನು ಸುದ್ದಿ ಹೇಳಿದ. ಅವಳು ಸಂತೋಷಪಡಲಿಲ್ಲ.

"ಅಭಯ್ ಅಂದ್ರೆ ಏನ್ ಸಾರ್? ನಂಗೆ ಟ್ರೇನಿಂಗ್ ಆಗಿದೆ ಅಂದ್ರಂತೆ. ಕುಣಿಗಲ್ ಸಾರ್ ಫೋನ್ ಮಾಡಿ, ಹೇಗಿದೆಯಮ್ಮ ಅಭಯ್, ನಂಗೂ ಒಂಚೂರು ಹೇಳ್ಕೊಡು ಅಂತಿದ್ರು."

"ಅದು ಇಲ್ಲಮ್ಮ."

"ಇಲ್ಲ ಅಂದ್ರೆ?"

"ಇಲ್ಲ. ಎಲ್ಲೂ ಇಲ್ಲ."

ಅವಳು ಅವನನ್ನೇ ನೋಡಿದಳು. ಆಮೇಲೆ ತುಟಿಯ ಒಂದು ಕೊನೆ ಮಾತ್ರ ನಗುವಿಗೆ ಎದ್ದು ಹಿಂದಕ್ಕೆ ಹೋಯಿತು. "ಒಂದು ಮಾತು ಹೇಳೋದ್ ತಪ್ಸೋಕೆ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ಮೇ ಮಾಡ್‌ಬಿಟ್ರಲ್ಲ ಸಾರ್." ಕೋಪವಿರಲಿಲ್ಲ ದನಿಯಲ್ಲಿ. ಕೋಪವಿದ್ದಿದ್ದರೆ ಅವನಿಗೆ ಆತುಕೊಳ್ಳಲು ಏನಾದರೂ ಸಿಕ್ಕುತ್ತಿತ್ತು. ಕಾಗದ ಇಸಕೊಂಡು ಕಣ್ಣಾಡಿಸಿ ಅವನ ಕೈಗೇ ವಾಪಸ್ ಕೊಟ್ಟಳು. "ಅಮ್ಮಂಗೆ ಓದೋಕ್ ಬರಲ್ಲ. ನೀವೇ ಓದಿ ಹೇಳಿ. ಅವಳು ಸರಿ ಅಂದ್ರೆ ಸಹಿ ಹಾಕ್ತೀನಿ."

ಓದುವುದು! ಅವನು ಯಾವತ್ತೂ ಜನರೆದುರು ಓದಿದವನಲ್ಲ. 'ಮಾನ್ಯರೇ' ಎಂದು ಶುರುಮಾಡಿದ. ಎರಡನೆಯ ವಾಕ್ಯಕ್ಕೆ ಬರುವಾಗ, ಕೇಳಿ ಕೇಳಿ ಎಲುಬಿನೊಳಗೆ ಇಳಿದಿದ್ದ ಯಾವುದೋ ಒಂದು ಧಾಟಿ ಅವನ ಅನುಮತಿ ಕೇಳದೆ ಎದ್ದು ಬಂತು. 'ಅಜ್ಞಾನವಶಾತ್' ಎಂಬಲ್ಲಿ ದನಿ ತಾನಾಗಿ ಏರಿ, ತೇಲಿ, ಮೆಲ್ಲಗೆ ಇಳಿಯಿತು. 'ಹೊರಗಿನ ಫ್ಲಾಪಿಯನ್ನು ಹಾಕಿದ ಅಪರಾಧವು ನನ್ನದೇ' ಎಂಬಲ್ಲಿ ಕರುಣರಸ ತುಂಬಿ ಬಂತು. ಐವತ್ತೆರಡು ವರ್ಷ ಬಾಯಿ ಬಾರದೆಂದುಕೊಂಡಿದ್ದವನು ತನ್ನ ದನಿಗೆ ತಾನೇ ಬೆರಗಾದ. ಸಿದ್ದಗಂಗಮ್ಮನ ಕೈ ಮೊರದಲ್ಲಿ ನಿಂತಿತ್ತು, ಕಣ್ಣು ಹನಿಗೂಡಿತ್ತು.

"ಎಷ್ಟ್ ಚೆಂದಾಗಿ ಓದ್ತೀರಿ ಸ್ವಾಮಿ! ಕೇಳ್ತಾನೇ ಇರೋಣ ಅನ್ಸ್ತದೆ." ಕಣ್ಣು ಒರೆಸಿಕೊಂಡಳು. "ಆದ್ರೆ ನಂಗೆ ಒಂದ್ ಅಕ್ಷರವೂ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಓದಿ. ಈ ಕಿತ ರಾಗ ಬುಟ್ಟು ಓದಿ."

ರಾಗ ಬಿಟ್ಟು. ಅವನು ಕಾಗದವನ್ನು ಮತ್ತೆ ಮುಖದ ಮಟ್ಟಕ್ಕೆ ಹಿಡಿದ. 'ಮಾನ್ಯರೇ.' ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ ಸದ್ದು. 'ಗುಬ್ಬಿ ಕಾಲೇಜಿನಲ್ಲಿ ಆಪರೇಟರ್ ಆಗಿರುವ ಅಕ್ಷತಾ ಎಂಬ ನಾನು, ಅಜ್ಞಾನವಶಾತ್.' ಏರಿಲ್ಲ, ಇಳಿವಿಲ್ಲ. ಮಾತುಗಳು ತೊಳೆಯದ ಪಾತ್ರೆಗಳ ಹಾಗೆ ಒಂದರ ಪಕ್ಕ ಒಂದು ಬಂದು ಕೂತವು. ಬಾಗಿಲಿಗೆ ಒರಗಿದ್ದ ಹುಡುಗಿ ಉಸಿರಾಡುವುದು ಕೇಳುತ್ತಿತ್ತು. ಮುಂದಿನ ವಾಕ್ಯ ಬಾಯಿಗೆ ಬರಲಿಲ್ಲ. ಸಿದ್ದಗಂಗಮ್ಮ ಕಾದಳು. ಕೇಳುವವರು ಕಾಯುವುದು ಎಂದರೇನೆಂದು ಅವನಿಗೆ ಗೊತ್ತಿತ್ತು. ಅವರು ಎದ್ದು ಹೋಗುವುದಿಲ್ಲ.

"ಇದ್ರಲ್ಲಿ ಬರ್ದಿರೋದು ಸುಳ್ಳು ಕಣಮ್ಮ," ಎಂದ. "ಫ್ಲಾಪಿ ಹಾಕಿದ್ದು ನಾನು. ನಿನ್ ಮಗಳು ಬೇಡ ಅಂದ್ಲು. ನಾನೇ ಹಾಕ್ದೆ. ಎರಡು ತಿಂಗಳಿಂದ ಸುಮ್ಮನಿದೀನಿ."

ಸಿದ್ದಗಂಗಮ್ಮ ಬೇಳೆಯತ್ತ ತಿರುಗಿದಳು. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಇದು ಅರ್ಥ ಆಯ್ತು," ಎಂದಳು. ಸ್ವಾಮಿ ಎನ್ನಲಿಲ್ಲ. "ಇದ್ನ ಬರ್ದುಕೊಡಿ."

ಅಕ್ಷತಾ ಒಳಗಿನಿಂದ ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದಳು, ಒತ್ತಾಸೆಗೆ ಒಂದು ಹಳೇ ರಟ್ಟಿನ ಪುಸ್ತಕ. ಅವನು ಬರೆಯತೊಡಗಿದ. ಅಕ್ಷರಗಳು ಸೊಟ್ಟಗಾದವು. ಸಣ್ಣ ವಾಕ್ಯಗಳು: ಫ್ಲಾಪಿ ನನ್ನದು. ಗುರುವಾರ ಹನ್ನೆರಡು ಗಂಟೆಗೆ ಹಾಕಿದವನು ನಾನು. ಅಕ್ಷತಾ ತಡೆದಳು. ನಡಾವಳಿಯಲ್ಲಿ ನಾನು ಬರೆದದ್ದು ಸುಳ್ಳು. ಅಭಯ್ ಎಂಬ ಸಿಸ್ಟಮ್ ಇಲ್ಲ. ಇದನ್ನು ಓದಿದ ಮೇಲೆ ಪರಮಶಿವಯ್ಯ ತನ್ನನ್ನು ಏನು ಮಾಡುತ್ತಾರೆ ಎಂಬ ಯೋಚನೆ ಒಂದು ಸಲ ಬಂದು ನಿಂತು, ಕೂರಲು ಜಾಗವಿಲ್ಲದೆ ಹೋಯಿತು. ಅಕ್ಷತಾ ಅವನ ಹೆಗಲ ಹಿಂದೆ ನಿಂತು ಸಾಲು ಸಾಲಾಗಿ ಓದುತ್ತಿದ್ದಳು.

"ಹನ್ನೆರಡು ಗಂಟೆ ಅಲ್ಲ ಸಾರ್," ಎಂದಳು. "ಹನ್ನೊಂದೂವರೆ. ಪ್ರಿನ್ಸಿಪಾಲ್ರು ಕರೆದಾಗ ಬೆಲ್ ಹೊಡೀತಿತ್ತು."

ಅವನು ಹನ್ನೆರಡನ್ನು ಹೊಡೆದುಹಾಕಿ ಮೇಲೆ ಹನ್ನೊಂದೂವರೆ ಎಂದು ಬರೆದ. ತಿದ್ದಿದ ಜಾಗದ ಎದುರಿಗೆ, ಅಂಚಿನಲ್ಲಿ, ಕಚೇರಿಯ ಪದ್ಧತಿಯಂತೆ ಕಿರುಸಹಿ ಹಾಕಿ ಕೆಳಗೆ ತಾರೀಖು ನಮೂದಿಸಿದ.